ಒಳಕೋಣೆಯ ತಾಳ

ಜೂನ್ ೬, ಭಾನುವಾರ

ಮುದ್ದು ಮಗನೇ,

ನಿನ್ನ ಆಯುಸ್ಸು ಗಟ್ಟಿಯಾಗಿರಲಿ. ನಿನ್ನ ಕಾಗದ ಬಂದು ತಿಂಗಳಾಯಿತು, ಅಮ್ಮ ಮರೆತಳು ಎಂದುಕೊಳ್ಳಬೇಡ. ಕಣ್ಣಿನ ಪೊರೆ ತೆಗೆಸಿಕೊಂಡಿದ್ದೆ. ಓದುಬರಹ ಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಈಗ ಎಲ್ಲವೂ ಸ್ಪಷ್ಟವಾಗಿ ಕಾಣುತ್ತದೆ, ಮೂಲೆಯ ಜೇಡರಬಲೆ ಕೂಡ. ಇಷ್ಟು ದಿನ ಎಂಥ ಕೊಳಕು ಮನೆಯಲ್ಲಿ ಬಾಳಿದೆನಪ್ಪಾ ಎಂದು ನಾಚಿಕೆಯಾಯಿತು.

ಮೊದಲು ಸಂತೋಷದ ಸುದ್ದಿ. ನಮ್ಮ ತಿಂಗಳ ಸಂಗೀತ ಕಛೇರಿಗೆ ಶಾಲೆಯ ಸಭಾಂಗಣವೂ ಸಾಲದಾಗಿದೆ. ಕಳೆದ ಸಲ ಕಾಲಿಡಲು ಜಾಗವಿರಲಿಲ್ಲ, ಜನ ಕಿಟಕಿಗೆ ಆತುಕೊಂಡು ಕೇಳಿದರು. ಮುಂದಿನ ತಿಂಗಳಿಂದ ಪುರಭವನದಲ್ಲಿ. ಶುರುವಾದಾಗ ಯಾರಿದ್ದರು ಹೇಳು? ನಿನ್ನ ಅಪ್ಪ ಶ್ವಾಸಕೋಶ ಕೈಕೊಟ್ಟು ಹಾಸಿಗೆ ಹಿಡಿದಾಗ, ಅವರು ಕಛೇರಿಗೆ ಹೋಗಲಾರದಿದ್ದರೆ ಕಛೇರಿಯೇ ಅವರ ಬಳಿ ಬರಲಿ ಎಂದು ನಿನ್ನ ಪಿಟೀಲು ಮೇಷ್ಟ್ರು ನಮ್ಮ ಹಜಾರದಲ್ಲಿ ಕುಳಿತು ನುಡಿಸಿದರು. ಕೇಳಲು ನಾವು ಮೂವರು ಮತ್ತು ಪಕ್ಕದ ಮನೆಯ ದರ್ಜಿ ಮಾಮ. ಅವರು ಆಲಾಪನೆಗೇ ನಿದ್ದೆಹೋಗಿ, ಮುಗಿದ ಕೂಡಲೇ ಎದ್ದು ಎಲ್ಲರಿಗಿಂತ ಜೋರಾಗಿ "ಭೇಷ್" ಅಂದರು. ಈಗ ಅವರೇ ನಮ್ಮ ಕಾರ್ಯದರ್ಶಿ. ಮುಂದಿನ ಸಾಲಿನಲ್ಲಿ ಕುಳಿತು ಇನ್ನೂ ಹಾಗೆಯೇ ಮಲಗುತ್ತಾರೆ.

ಅಪ್ಪ ಒಳಕೋಣೆಯಲ್ಲಿ ಮಲಗಿ, ಉಂಗುರದಿಂದ ಮಂಚದ ಕಬ್ಬಿಣದ ಸರಳು ತಟ್ಟಿದ ಮೇಲೇ ಹಜಾರದಲ್ಲಿ ಕಛೇರಿ ಶುರು. ದನಿ ಸಣ್ಣಗಾಗಿದ್ದ ಅವರಿಗೆ ಅದೇ ತಾಳ. ನೀರು ಬೇಕಾದರೆ ಅದೇ ಕರೆ. ಇಂದಿಗೂ ಕಲಾವಿದರು ಶ್ರುತಿ ಸೇರಿಸಿ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಎತ್ತಿಕೊಳ್ಳುತ್ತಾರೆ. ಹೊಸಬರು ಅದನ್ನು ಪ್ರಾರ್ಥನೆ ಅಂದುಕೊಂಡಿದ್ದಾರೆ.

ನಾನು ಸಭೆಯಲ್ಲಿ ಕೂರುವುದಿಲ್ಲ, ವೇದಿಕೆಯ ಹಿಂದಿನ ಕೋಣೆಯಲ್ಲಿ ಕೂರುತ್ತೇನೆ. ನಗಬೇಡ ಮಗಾ, ಅಲ್ಲಿ ನನಗೆ ಆ ಉಂಗುರದ ಸದ್ದು ಕೇಳಿಸುತ್ತದೆ. ಮಂಚವನ್ನು ಗುಜರಿಗೆ ಹಾಕಿ ಎಷ್ಟೋ ಕಾಲವಾಯಿತು. ಧ್ವನಿವರ್ಧಕದವರಿಗೆ ಹೇಳಿ ತಂತಿಗಳನ್ನೆಲ್ಲ ಬದಲಿಸಿದ್ದೂ ಆಯಿತು. ಅವರು ಕಿವಿಗೊಟ್ಟು ಕೇಳಿ, ಏನೂ ಇಲ್ಲವಲ್ಲಮ್ಮ ಎಂದು ನನ್ನ ಮುಖವನ್ನೇ ನೋಡಿದರು. ಆಮೇಲೆ ಯಾರಿಗೂ ಹೇಳಲಿಲ್ಲ. ಮುದುಕಿಗೆ ಮತಿ ಕೆಟ್ಟಿತು ಅಂತಾರೆ. ಆದರೆ ಭಯವಾಗುತ್ತದೆ, ನಿಜ.

ಪುರಭವನದ ಮೊದಲ ಕಛೇರಿಗೆ ನೀನೇ ನುಡಿಸಬೇಕೆಂದು ದರ್ಜಿ ಮಾಮ ಹಟ ಹಿಡಿದಿದ್ದಾರೆ. ಅಪ್ಪ ಹೋದ ಸಂಜೆ ಕೆಳಗಿಟ್ಟ ಪಿಟೀಲನ್ನು ನೀನು ಮತ್ತೆ ಮುಟ್ಟಿಲ್ಲವೆಂದು ಅವರಿಗೆ ಗೊತ್ತು. ಕಾರಣ ನನಗೆ ಮಾತ್ರ ಗೊತ್ತು. ನಿನ್ನ ಈ ಕಾಗದದಲ್ಲೂ ಅದನ್ನೇ ಬರೆದಿದ್ದೀಯ: ಅಪ್ಪ ಕೊನೆಯವರೆಗೂ ತಟ್ಟುತ್ತಲೇ ಇದ್ದರು, ಕರೆಯುತ್ತಿದ್ದರೇನೋ, ನಾನು ತಾಳವೆಂದು ನುಡಿಸುತ್ತಲೇ ಇದ್ದೆ ಎಂದು. ಪ್ರತಿ ಸಲವೂ ತಾಳವೇ ಕಣೋ ಎಂದು ನಿನ್ನ ಬಾಯಿ ಮುಚ್ಚಿಸಿದೆ. ನೀನು ನಂಬಲಿಲ್ಲ.

ಬಾ ಮಗಾ. ನುಡಿಸದಿದ್ದರೂ ಚಿಂತೆಯಿಲ್ಲ, ಹಿಂದಿನ ಕೋಣೆಯಲ್ಲಿ ನನ್ನ ಜೊತೆ ಕೂತುಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಮನಸ್ಸಿಗೆ ನೆಮ್ಮದಿ ಸಿಗಲಿ, ನಿನ್ನ ಕೈಗಳು ಚೆನ್ನಾಗಿರಲಿ.

ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಡಿಸಿದೆ. ಅಪ್ಪ ಕರೆದದ್ದು ನಿಜ, ನೀನು ಪಲ್ಲವಿ ಎತ್ತಿಕೊಂಡಾಗ. ನಾನು ಒಳಗೆ ಹೋದೆ. ಉಸಿರು ಸಿಗುತ್ತಿರಲಿಲ್ಲ. ನಿನ್ನನ್ನು ಕೂಗಲು ತಿರುಗಿದರೆ ಸೆರಗು ಹಿಡಿದು, "ನಿಲ್ಲಿಸ್ಬೇಡ ಅವನನ್ನ, ಚೆನ್ನಾಗಿ ಬರ್ತಿದೆ" ಅಂದರು. ಅಷ್ಟೇ. ಚರಣ ಬರುವ ಮೊದಲೇ ಹೋಗಿಬಿಟ್ಟರು. ತಾಳ ನಿಂತರೆ ನೀನು ನಿಲ್ಲಿಸುತ್ತೀಯೆಂದು, ಅವರ ಕೈಯನ್ನು ನನ್ನ ಕೈಯಲ್ಲಿ ಹಿಡಿದು ತಟ್ಟಿದೆ. ಕೊನೆಯವರೆಗೂ ನೀನು ಕೇಳಿದ್ದು ನನ್ನನ್ನು.