ಎದೆಗೆ ಸ್ಟೆಂಟು ಬೇಡ, ಮನೆಗೆ ಟೆಂಟು ಸಾಕು

ಒಡೇರಾ,

ಹೃದಯದ ಸಣ್ಣ ರಕ್ತನಾಳಕ್ಕೆ ಮದ್ದಿನ ಬಲೂನಾದರೂ ಸ್ಟೆಂಟಾದರೂ ಗುಣ ಹೆಚ್ಚುಕಡಿಮೆ ಒಂದೇ ಎಂದರು ಡಾಕ್ಟರಮ್ಮ. ನೀನು ಗಂಟಲು ಸರಿಮಾಡಿಕೊಂಡು, "ಬಲೂನೇ ಇರ‍್ಲಿ ಡಾಕ್ಟ್ರೇ. ಮದ್ದು ಬಳಿದು ಹೊರಟೋಗುತ್ತೆ. ಒಳಗೆ ಬಂದು ಖಾಯಂ ಕೂರೋ ಸ್ಟೆಂಟು ನಂಗಾಗಲ್ಲ" ಎಂದೆ. ಭಲೇ! ಎದೆಗೆ ಸ್ಟೆಂಟು ಬೇಡ, ಮನೆಯಲ್ಲಿ ತಮ್ಮನ ಟೆಂಟು!

"ಎರಡೇ ದಿನ, ಅತ್ತಿಗೆ" ಎಂದು ಬಂದ ಒಬುಯಾ ಮಳೆಗಾಲ ಮುಗಿದರೂ ನನ್ನ ಹೊಲಿಗೆ ಕೋಣೆ ಬಿಟ್ಟಿಲ್ಲ. ನಿನ್ನೆ ನನ್ನ ಉಗಾಲಿ ಮುದ್ದೆಗೆ "ಸಿಮೆಂಟಾ ಇದು?" ಎಂದ. ನೀನೂ ನಕ್ಕೆ.

ಎರಡು ದಿನ ಅತಿಥಿ, ಮೂರನೆಯ ದಿನ ಕೈಗೆ ಗುದ್ದಲಿ ಎನ್ನುತ್ತಿದ್ದವಳು ನಿಮ್ಮಮ್ಮನೇ. ಗುದ್ದಲಿ ಅವನ ದಿಂಬಿನ ಮೇಲಿದೆ. ಮೀನಿನ ಡಬ್ಬಿಗೆ ಬೀಗ ಹಾಕಿದ್ದೇನೆ. ನಿನ್ನ ಮಾತ್ರೆ ಮೇಜಿನ ಮೇಲಿದೆ, ಮರೆಯಬೇಡ.

ಸಂಜೆ ಅವನು ಹೊಲದಲ್ಲಿರಬೇಕು, ಇಲ್ಲವೇ ತನ್ನೂರಿಗೆ ಹೋಗುವ ಬಸ್ಸಿನಲ್ಲಿ. ಎರಡೂ ಇಲ್ಲವೋ, ಈ ಮನೆಯ ಬಲೂನು ನಾನೇ. ಮದ್ದು ಬಳಿದಾಗಿದೆ, ಹೊರಡುವುದೊಂದೇ ಬಾಕಿ.

ಅಯೊತ್