ನನ್ನ ತೋಳಿಗೆ ಇವತ್ತು ರಜೆ

ರೀ,

ಊಟ ಮುಚ್ಚಿಟ್ಟಿದ್ದೇನೆ. ಒಲೆ ಹಚ್ಚುವ ವಿದ್ಯೆ ಮರೆತಿಲ್ಲ ತಾನೆ?

ಸಂಜೆ ಸಿನಿಮಾಕ್ಕೆ ಬನ್ನಿ. ಟಿಕೆಟ್ ಹೊಲಿಗೆ ಯಂತ್ರದ ಮೇಲಿದೆ. ಮಾತು ಬಿಟ್ಟ ಅಪ್ಪ-ಮಗನ ಕಥೆಯಂತೆ, ನಗು ತಡೆಯೋಕಾಗಲ್ಲವಂತೆ. ಮನೆಯಲ್ಲಿ ದಿನಾ ಬಿಟ್ಟಿ ನೋಡುವ ನನಗಂತೂ ನಗು ಬಂದಿಲ್ಲ.

ನಿಮ್ಮ ಪಕ್ಕದ ಸೀಟು, ಬೇರೆ ಅಂಗಡಿ ಇಟ್ಟಾಗಿನಿಂದ ನೀವು 'ಎದುರಂಗಡಿ ದರ್ಜಿ' ಅನ್ನುತ್ತೀರಲ್ಲ, ಅವನದು. ಆ ಮಹಾನುಭಾವನನ್ನು ಹೆತ್ತವಳು ನಾನೇ, ನೆನಪಿರಲಿ. "ನಾನು ಬರ್ತೀನಮ್ಮ, ಅಪ್ಪ ಬರಲ್ಲ ಬಿಡು" ಅಂದ. ಅವನ ಮಾತು ಸುಳ್ಳು ಮಾಡಿ.

ನಾನು ಹಿಂದಿನ ಸಾಲಿನಲ್ಲಿರುತ್ತೇನೆ. ಕಿವಿ ಮಂದವಾದಾಗಿನಿಂದ ಸಿನಿಮಾ ಪೂರ್ತಿ "ಏನಂದನೇ? ಏನಂದನೇ?" ಎಂದು ನನ್ನ ತೋಳು ತಿವಿಯುತ್ತೀರಿ. ಇವತ್ತು ಅವನನ್ನು ತಿವಿದು ಕೇಳಿ. ನೀವು ಹೊಲಿದುಕೊಟ್ಟ ಹಳೇ ಅಂಗಿಯನ್ನೇ ಹಾಕಿಕೊಂಡು ಬರುತ್ತಾನೆ. ನಿಮ್ಮದೇ ಹೊಲಿಗೆ, ಕತ್ತಲಲ್ಲೂ ತೋಳು ಸಿಗುತ್ತದೆ.