ಎರಡೇ ಕುರ್ಚಿಯ ಮೇಜು

ಡರ್ಬನ್, ಎರಡನೆಯ ಜುಲೈ ೧೭, ೨೨೯೧

ನೀಲಗಂಗಜ್ಜಿಗೆ, ನಿನ್ನ ಮಗಳ ಕಡೆಯ ಒಂಬತ್ತನೆಯ ತಲೆಮಾರಿನ ಚನ್ನವೀರನ ಶರಣು.

ತಾರೀಖು ನೋಡಿ ತಲೆ ಕೆರೆದುಕೊಳ್ಳಬೇಡ. ಜುಲೈ ತಿಂಗಳ ಚಳಿಗಾಲದಲ್ಲೂ ಬೆಚ್ಚಗಿರುವ ನಮ್ಮ ಕಡಲಿಗೆ ಬರುವವರಿಗೆ ಒಂದು ಜುಲೈ ಸಾಲದೆಂದು ನಗರಸಭೆ ಇನ್ನೊಂದನ್ನು ಸೇರಿಸಿತು. ಮಳೆಯಲ್ಲಿ ಯಾರೂ ಬರುವುದಿಲ್ಲವೆಂದು ನವೆಂಬರನ್ನು ತೆಗೆದುಹಾಕಿತು. ನವೆಂಬರಿನಲ್ಲಿ ಹುಟ್ಟಿದ ನನಗೆ ಈಗ ಹುಟ್ಟುಹಬ್ಬವೇ ಇಲ್ಲ, ಹೋಗಲಿ ಬಿಡು. ನನ್ನ ಕೆಲವು ಮಾತು ನಿನಗೆ ವಿಚಿತ್ರವೆನಿಸಿದರೆ ಕ್ಷಮಿಸು, ಬಿಡಿಸಿ ಹೇಳುತ್ತ ಹೋಗುತ್ತೇನೆ. ಇದನ್ನು ನಿಂತುಕೊಂಡೇ ಬರೆಯುತ್ತಿದ್ದೇನೆ. ನಿನ್ನೆಯಿಂದ ಕೂತಲ್ಲಿ ಕೂರಲು ಆಗುತ್ತಿಲ್ಲ.

ನಾನು ಜೊತೆಯೂಟಿಗ. ಅಂದರೆ ಒಂಟಿಯಾಗಿ ಬಂದ ಪ್ರವಾಸಿಯ ಎದುರು ಕೂತು ಉಣ್ಣುವುದು ನನ್ನ ಉದ್ಯೋಗ. ಹೊರಗಿನಿಂದ ಬಂದವರು ಒಬ್ಬರೇ ಕೂತು ಉಣ್ಣುವುದಕ್ಕೆ ಇಲ್ಲಿ ಒಂಟಿಮೇಜು ಎನ್ನುತ್ತಾರೆ, ಅದು ಕಾನೂನಿಗೆ ವಿರುದ್ಧ. ಕಡಲ ದಂಡೆಯ ಊಟದ ಮನೆಗಳಲ್ಲಿ ಪ್ರತಿ ಮೇಜಿಗೂ ನೆಲಕ್ಕೆ ಬಿಗಿದ ಎರಡೇ ಕುರ್ಚಿ. ಹೊತ್ತು ಮುಳುಗುವಾಗ ಗಂಟೆ ಬಾರಿಸಿ ದೀಪ ಹಚ್ಚುತ್ತಾರೆ. ಆಮೇಲೆ ಗಿಟಾರು, ಕಾಲೆತ್ತಿ ನೆಲಕ್ಕೆ ಬಡಿಯುವ ಜುಲು ಕುಣಿತ, ಕೆಂಡದ ಮೇಲೆ ಮೆಕ್ಕೆಜೋಳ, ಮತ್ತೆ ನೀನು ಮಾಡುತ್ತಿದ್ದ ಅದೇ ಬನ್ನಿ ಚೌ. ಬ್ರೆಡ್ಡಿನ ತಿರುಳು ತೆಗೆದು, ಒಳಗೆ ಕಾಳಿನ ಸಾರು ತುಂಬಿ, ತಿರುಳನ್ನೇ ಮೇಲೆ ಮುಚ್ಚುವುದು ಈಗಲೂ ಹಾಗೆಯೇ ಇದೆ. ಖಾರ ಮಾತ್ರ ಸತ್ತುಹೋಗಿದೆ, ಪ್ರವಾಸಿಗಳ ಮೂಗು ಸೋರಿದರೆ ಊರಿಗೆ ಕೆಟ್ಟ ಹೆಸರಂತೆ.

ಒಂದು ಸಂಜೆಗೆ ಮೂರು ನಾಲ್ಕು ಮಂದಿಯ ಜೊತೆ ಉಣ್ಣುತ್ತೇನೆ. ಪ್ರತಿ ಸಲವೂ ಹಸಿದವನಂತೆ ಉಣ್ಣಬೇಕು, ಅವರಿಗಿಂತ ಮೊದಲು ಕೈ ತೊಳೆಯಬಾರದು. ಕೇಳಬೇಕಾದ ಮಾತು ಮೂರು: ನಮ್ಮೂರು ಹಿಡಿಸಿತೇ, ಎಷ್ಟು ದಿನ ಇರುತ್ತೀರಿ, ನಿಮ್ಮ ಮನೆಯಲ್ಲಿ ಏನು ಅಡಿಗೆ ಮಾಡುತ್ತಾರೆ. ಮೂರನೆಯದಕ್ಕೆ ಎಂಥವರೂ ಕರಗುತ್ತಾರೆ. ಹೋಗುವಾಗ ನನ್ನನ್ನು ತಬ್ಬಿಕೊಂಡು ಅತ್ತವರಿದ್ದಾರೆ. ನಾನು ನಾಟಕ ಮಾಡುವವನಲ್ಲ ಅಜ್ಜಿ, ಅವರ ಮೇಲೆ ನನಗೆ ನಿಜವಾಗಿಯೂ ಅಕ್ಕರೆ. ಮನೆಗೆ ಬರುವಾಗ ಹೊಟ್ಟೆ ಬಿರಿಯುವಷ್ಟು ತುಂಬಿರುತ್ತದೆ. ಹೆಂಡತಿ ಥಾಂಡೆಕಾ ನನಗೆ ತಟ್ಟೆ ಇಡುವುದನ್ನು ಬಿಟ್ಟು ವರ್ಷಗಳಾದವು.

ಇದೆಲ್ಲ ನಿನ್ನಿಂದಲೇ ಶುರುವಾದದ್ದೆಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಗದಗಿನಿಂದ ಬಂದು ಈ ದಂಡೆಯಲ್ಲಿ ಸಣ್ಣ ಖಾನಾವಳಿ ಇಟ್ಟವಳು ನೀನು. ಒಂದು ಸಂಜೆ ಯಾವನೋ ಪರದೇಶಿ ತುತ್ತು ಕೈಯಲ್ಲಿ ಹಿಡಿದು ಸುಮ್ಮನೆ ಕೂತುಬಿಟ್ಟಿದ್ದನಂತೆ. ನೀನು ಒಲೆ ಬಿಟ್ಟು, ನಿನ್ನ ತಟ್ಟೆ ತಂದು, ಅವನ ಎದುರು ಕೂತೆ. ಅವನು ಉಂಡ. ಅದು ನಿನ್ನ ಖಾನಾವಳಿಯ ಪದ್ಧತಿಯಾಯಿತು, ಆಮೇಲೆ ಬೀದಿಯದಾಯಿತು, ಕೊನೆಗೆ ಊರಿನ ಕಾನೂನಾಯಿತು.

ನಿನ್ನೆ ಗಾಳಿ ಎದ್ದು ದಂಡೆಯೆಲ್ಲ ಮುಚ್ಚಿತು. ಅಪರೂಪಕ್ಕೆ ಸಂಜೆ ಮನೆಯಲ್ಲಿದ್ದೆ. ಥಾಂಡೆಕಾ ಖಾರವಾಗಿ ಕಾಳಿನ ಸಾರು ಮಾಡಿದ್ದಳು. ಎದುರಿಗೆ ನನ್ನ ಮಗಳು ನಂದಿ, ಒಂಬತ್ತು ವರ್ಷದವಳು. ನಮ್ಮವರ ಬಾಯಿಗೂ ಥಾಂಡೆಕಾಳ ಜುಲು ಬಂಧುಗಳ ಬಾಯಿಗೂ ಸಲೀಸಾಗಲೆಂದು ಇಟ್ಟ ಹೆಸರದು. ಅವಳು ಬ್ರೆಡ್ಡು ಮುರಿದಳು, ನಾನೂ ಮುರಿದೆ. ಕಣ್ಣು ಬಾಗಿಲಿನತ್ತ ಹೋಗುತ್ತಿತ್ತು. ಆಮೇಲೆ ನನಗೇ ತಿಳಿಯದಂತೆ ನಗುಮುಖ ಮಾಡಿ, ನಯವಾಗಿ ಕೇಳಿದೆ:

“ನಿಮ್ಮ ಮನ್ಯಾಗ ಏನ್ ಅಡಗಿ ಮಾಡ್ತಾರ್ರಿ?”

ಥಾಂಡೆಕಾಳ ಕೈಯ ಸೌಟು ನಿಂತಿತು. ನಂದಿ ನಗಲಿಲ್ಲ. ದೊಡ್ಡವರ ಹಾಗೆ ನೆಟ್ಟಗೆ ಕೂತು ಉತ್ತರ ಕೊಟ್ಟಳು.

“ಇದನ್ನ ಮಾಡ್ತಾರ್ರಿ. ನಮ್ಮಪ್ಪ ಮಾತ್ರ ಉಣ್ಣಂಗಿಲ್ಲ. ನೀವು ಎಷ್ಟ್ ದಿನಾ ಇರ್ತೀರಿ?”

ಅವಳಿಗೆ ಸಿಟ್ಟು ಬಂದಿದ್ದರೆ ಸಮಾಧಾನ ಮಾಡುತ್ತಿದ್ದೆ. ಅವಳು ನನಗೆ ಮರ್ಯಾದೆ ಕೊಟ್ಟಳು, ಅದನ್ನೇ ನನ್ನಿಂದ ತಡೆಯಲಾಗುತ್ತಿಲ್ಲ. ಊಟ ಮುಗಿಸಿ ತಟ್ಟೆಯನ್ನು ತಾನೇ ಎತ್ತಿಟ್ಟು ಹೋದಳು. ಇನ್ನು ಎರಡು ಚಳಿಗಾಲ ಹೀಗೇ ಕಳೆದರೆ ಅವಳು ನನ್ನನ್ನು ಅತಿಥಿಯ ಹಾಗೆ ಬಾಗಿಲವರೆಗೂ ಬಂದು ಕಳಿಸಿಕೊಡುತ್ತಾಳೆ, ಅಷ್ಟೇ.

ರಾತ್ರಿಯಿಡೀ ನಿನ್ನ ಕಥೆಯನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಪರದೇಶಿ ಉಂಡ, ನೀನು ಉಂಡೆ. ನಿನ್ನ ಮಗಳು ಆ ಸಂಜೆ ಯಾರ ಜೊತೆ ಉಂಡಳು? ಎಂಟು ತಲೆಮಾರು ಈ ಕಥೆ ಹೇಳಿದವರಲ್ಲಿ ಒಬ್ಬರೂ ಅವಳ ಮಾತೆತ್ತಿಲ್ಲ. ನಾನೂ ಇವತ್ತಿನವರೆಗೆ ಕೇಳಿರಲಿಲ್ಲ.

ಇವತ್ತು ಗಾಳಿ ಇಳಿದಿದೆ, ದಂಡೆ ತೆರೆಯುತ್ತದೆ. ಬೆಳಿಗ್ಗೆಯಿಂದ ನಾನು ಏನೂ ತಿಂದಿಲ್ಲ. ಬಾಗಿಲ ಬಳಿ ಮನೆಯ ಮುಕ್ಕಾಲಿಯೊಂದನ್ನು ಇಟ್ಟುಕೊಂಡಿದ್ದೇನೆ. ನಂದಿಯನ್ನು ಕರೆದುಕೊಂಡು ಹೋಗಿ, ಆ ಬಿಗಿದ ಕುರ್ಚಿಗಳ ನಡುವೆ ಅವಳನ್ನು ಕೂರಿಸುತ್ತೇನೆ. ಊಟದ ಮನೆಯವರು ಬೇಡವೆಂದರೆ ಪ್ರವಾಸಿಯನ್ನೂ ಕರೆದುಕೊಂಡು ಮೂವರೂ ಮನೆಗೆ ಬಂದು ಉಣ್ಣುತ್ತೇವೆ, ಕೆಲಸ ಹೋದರೆ ಹೋಯಿತು.

ಈ ಕಾಗದ ಆ ಸಂಜೆಗೆ ಮೊದಲೇ ನಿನಗೆ ಸಿಕ್ಕರೆ, ಅವನ ಎದುರು ಕೂರಬೇಡವೆನ್ನುವುದಿಲ್ಲ ಅಜ್ಜಿ. ಆ ಪರದೇಶಿಯನ್ನು ಒಬ್ಬನೇ ಬಿಡಬೇಡ, ನಿನ್ನ ತಟ್ಟೆ ತಗೊಂಡು ಹೋಗಿ ಕೂರು. ಕೂರುವ ಮೊದಲು ಒಮ್ಮೆ ಒಳಗಿನ ಕಡೆ ತಿರುಗಿ ಮಗಳನ್ನು ಕೂಗು. ಇನ್ನೊಂದು ಕುರ್ಚಿ ಎಳೆ.